ಸಾಣೆಯಂತ್ರಕ್ಕೆ ಎಂಥ ದೀಪ ಬೇಕು?

ಸದಸ್ಯ ಶಿಕ್ಷಣ ಪಾಠ



ಕೊನೆಕೊಯ್ಲು ಹತ್ತಿರ ಬಂತೆಂದರೆ ನಮ್ಮ ಸಂಘದ ರಿಪೇರಿ ಷೆಡ್ಡಿನ ಮುಂದೆ ಕತ್ತಿಗಳ ರಾಶಿ ಬೀಳುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ, ಕೊನೆಗಾರರ ಕತ್ತಿ, ಸೊಪ್ಪು ಕಡಿಯುವ ಕತ್ತಿ, ಕಳೆ ತೆಗೆಯುವ ಯಂತ್ರದ ಅಲಗು. ಅದು ಮುಗಿಯಿತೆನ್ನುವಷ್ಟರಲ್ಲಿ ಕಾಫಿ ಗಿಡದ ಕಸಿಗೆ, ಮರಗಸಿಗೆ ಬೇಕಾದ ಕತ್ತಿಗಳು ಬರುತ್ತವೆ. ಹಗಲು ಸಾಲದೆ ಕೆಲಸ ರಾತ್ರಿಗೂ ಹೋಗುತ್ತದೆ. ಅನೇಕ ಸದಸ್ಯರು ಈಗ ಮನೆಯ ಕೊಟ್ಟಿಗೆಯಲ್ಲೇ ಒಂದು ಸಣ್ಣ ಸಾಣೆಯಂತ್ರ ಇಟ್ಟುಕೊಂಡಿದ್ದಾರೆ. ಕೊಳ್ಳುವಾಗ ಮೋಟಾರು ಎಷ್ಟು ಎಚ್.ಪಿ., ಕಲ್ಲು ಎಷ್ಟು ಇಂಚು ಎಂದು ಹತ್ತು ಸಲ ವಿಚಾರಿಸುತ್ತೇವೆ. ಅದರ ಮೇಲೆ ಎಂಥ ದೀಪ ಹಾಕಬೇಕೆಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಕೇಳದೆ ಮಾಡಿದ ತಪ್ಪಿನಿಂದಲೇ ಈ ಪಾಠವನ್ನು ಆರಂಭಿಸುತ್ತೇನೆ.

ನಡೆದದ್ದು

ಷೆಡ್ಡಿನಲ್ಲಿದ್ದ ಹಳೆಯ ಬಲ್ಬನ್ನು ತೆಗೆಸಿ, ಕಡಿಮೆ ಬೆಲೆಗೆ ಸಿಕ್ಕಿತೆಂದು ಉದ್ದನೆಯ ಎಲ್‌ಇಡಿ ಪಟ್ಟಿಯೊಂದನ್ನು ಮಾಡಿನ ತೊಲೆಗೆ ಹಾಕಿಸಿದವನು ನಾನೇ. ಷೆಡ್ಡೆಲ್ಲ ಹಾಲು ಚೆಲ್ಲಿದಂತೆ ಬೆಳಗಿತು. ಕರೆಂಟು ಬಿಲ್ಲೂ ಇಳಿಯಿತು. ಎಲ್ಲರೂ ಮೆಚ್ಚಿದರು.

ಅಡಿಕೆ ಸುಗ್ಗಿಯ ಒಂದು ಸಂಜೆ ಷೆಡ್ಡಿನ ಹುಡುಗ ಕತ್ತಿ ಹಿಡಿದು ಮುಗಿಸಿ ಸ್ವಿಚ್ಚು ಆರಿಸಿದ. ಸ್ವಲ್ಪ ಹೊತ್ತು ಕಾದ. ಕಲ್ಲನ್ನು ಬಿಗಿದ ನಟ್ಟಿನ ಮೂಲೆಗಳು ಸ್ಪಷ್ಟವಾಗಿ, ನಿಂತಂತೆ ಕಂಡವು. ಒರೆಸೋಣವೆಂದು ಹಳೆಯ ಬಟ್ಟೆ ಹಿಡಿದು ಕೈ ಹಾಕಿದ. ಕಲ್ಲು ನಿಂತಿರಲಿಲ್ಲ. ಬಟ್ಟೆ ಸುತ್ತಿಕೊಂಡು ಕೈಯನ್ನು ಒಳಗೆಳೆಯಿತು. ಎರಡು ಬೆರಳುಗಳ ತುದಿ ಜಜ್ಜಿಹೋಯಿತು. ಆ ಸುಗ್ಗಿ ಪೂರ್ತಿ ಅವನು ಕೆಲಸಕ್ಕೆ ಬರಲಾಗಲಿಲ್ಲ. ಒಂದು ಬೆರಳು ಇಂದಿಗೂ ಸರಿಯಾಗಿ ಮಡಚುವುದಿಲ್ಲ.

ಆಡಳಿತ ಮಂಡಳಿಯ ನಡಾವಳಿ ಪುಸ್ತಕದಲ್ಲಿ ‘ಕೆಲಸಗಾರನ ಅಜಾಗರೂಕತೆಯಿಂದ ಆದ ಅಪಘಾತ’ ಎಂದು ಬರೆದವನೂ ನಾನೇ. ‘ನಿಂತಿತ್ತು ಅಯ್ಯಾ, ಕಣ್ಣಾರೆ ನೋಡಿದೆ’ ಎಂದು ಹುಡುಗ ಹೇಳುತ್ತಲೇ ಇದ್ದ. ನಾವು ನಂಬಲಿಲ್ಲ. ಅವನು ಹೇಳಿದ್ದು ನಿಜವೆಂದು ತಿಳಿಯಲು ನಾನು ಮುಕ್ಕುಂದದವರೆಗೆ ಹೋಗಬೇಕಾಯಿತು.

ಮುಕ್ಕುಂದದ ಮೇಸ್ತ್ರಿ

ಮುಕ್ಕುಂದ ನಮ್ಮ ಬೀಗರ ಊರು. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿಗೆ ಸೇರಿದ್ದು. ನಮ್ಮ ತೋಟಗಳ ಮೇಲೆ ಸುರಿದ ಮಳೆ ತುಂಗೆ ಭದ್ರೆಯರ ಪಾಲಾಗಿ, ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟು ದಾಟಿ ಹೋಗುವುದು ಆ ಸೀಮೆಗೇ. ಅಲ್ಲಿಯದು ಎಡದಂಡೆ ಕಾಲುವೆಯ ನೀರುಂಡ ಭತ್ತದ ಬೇಸಾಯ. ಕೊಯ್ಲಿನ ಕಾಲದಲ್ಲಿ ಯಂತ್ರಗಳು ರಾತ್ರಿಯೂ ಓಡುತ್ತವೆ. ಆದ್ದರಿಂದ ಅವನ್ನು ರಿಪೇರಿ ಮಾಡುವ ಷೆಡ್ಡುಗಳಲ್ಲಿ ಸಾಣೆ ಹಿಡಿಯುವ ಕೆಲಸವೂ ರಾತ್ರಿ ನಡೆಯುತ್ತದೆ.

ಬೀಗರೊಡನೆ ಅಂಥದೊಂದು ಷೆಡ್ಡಿಗೆ ಹೋಗಿದ್ದೆ. ಮೇಸ್ತ್ರಿ ನನಗಿಂತ ಹಿರಿಯರು. ಸಾಣೆಯಂತ್ರದ ಮೇಲೆ, ಬಾಗಿಸಿದ ಕಬ್ಬಿಣದ ಸರಳಿನ ತುದಿಯಲ್ಲಿ, ಹಳೆಯ ಟ್ರಾಕ್ಟರಿನ ದೀಪವೊಂದು ತಲೆ ತಗ್ಗಿಸಿ ನಿಂತಿತ್ತು. ಅದರ ತಂತಿ ಗೋಡೆಯ ತೂತಿನಿಂದ ಹೊರಗೆ ಹೋಗಿ, ಆಚೆಯಿಟ್ಟ ಬ್ಯಾಟರಿಗೆ ಸೇರಿತ್ತು. ಮೋಟಾರು ಓಡುತ್ತಿದ್ದುದು ಕರೆಂಟಿನಿಂದ. ಷೆಡ್ಡಿನ ಮಾಡಿನಲ್ಲಿ ಕರೆಂಟಿನ ಎಲ್‌ಇಡಿ ದೀಪವೂ ಇತ್ತು. ಹಾಗಿದ್ದಮೇಲೆ ಈ ಬ್ಯಾಟರಿಯ ಗೊಡವೆ ಏಕೆಂದು ಕೇಳಿದೆ.

ಅವರು ಯಂತ್ರ ನಿಲ್ಲಿಸಿ, ಕಲ್ಲಿನ ಬದಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಬ್ಯಾಟರಿ ದೀಪ ಆರಿಸಿ, ಮಾಡಿನ ದೀಪವೊಂದನ್ನೇ ಉಳಿಸಿ ಯಂತ್ರ ಓಡಿಸಿದರು. ನಾನು ಕಂಡದ್ದು ಒಂದು ಗೆರೆಯಲ್ಲ; ಎದುರುಬದುರಾದ ಎರಡು ಗೆರೆಗಳು, ಗಡಿಯಾರದ ಮುಳ್ಳಿನಂತೆ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದ್ದವು. ಬೆರಳಿಟ್ಟು ನಿಲ್ಲಿಸಬಹುದೆಂದು ತೋರುವಷ್ಟು ಮೆಲ್ಲಗೆ. ಬಳಿಕ ಮಾಡಿನ ದೀಪ ಆರಿಸಿ ಬ್ಯಾಟರಿ ದೀಪ ಹೊತ್ತಿಸಿದರು. ಗೆರೆಯೆಲ್ಲ ಅಳಿಸಿ ಬಿಳಿಯ ಮಬ್ಬಾಯಿತು. ಓಡುವ ಕಲ್ಲು ಓಡುವಂತೆಯೇ ಕಂಡಿತು.

‘ಆ ಬೆಳಕು ಸುಳ್ಳು ಹೇಳತೈತ್ರಿ ಸರ. ಈ ಬೆಳಕು ಸುಳ್ಳು ಹೇಳಂಗಿಲ್ರಿ’ ಎಂದರು ಮೇಸ್ತ್ರಿ.

ನನಗೆ ನಮ್ಮ ಹುಡುಗನ ಮಾತು ನೆನಪಾಯಿತು. ಅಂದು ರಾತ್ರಿ ನಿದ್ರೆ ಬರಲಿಲ್ಲ.

ಬೆಳಕು ಸುಳ್ಳು ಹೇಳುವುದು ಹೇಗೆ?

ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತಿರುಗುತ್ತದೆ. ಪ್ರತಿ ತಿರುಗಾಟದಲ್ಲಿ ಎರಡು ಸಲ ಅದರ ಬಲ ಸೊನ್ನೆಗೆ ಇಳಿಯುತ್ತದೆ. ಅಂದರೆ ದೀಪಕ್ಕೆ ಸೆಕೆಂಡಿಗೆ 100 ಸಲ ಉಸಿರು ನಿಂತಂತೆ. ಹಳೆಯ ಬಲ್ಬಿನ ಒಳಗಿನ ತಂತಿ ಕಾದ ಕಾವಲಿಯಂತೆ. ಒಲೆಯಿಂದ ಇಳಿಸಿದ ಕೂಡಲೇ ತಣ್ಣಗಾಗುವುದಿಲ್ಲ. ಆದ್ದರಿಂದ ಅದರ ಬೆಳಕು ಹೆಚ್ಚು ಏರಿಳಿಯುವುದಿಲ್ಲ. ಎಲ್‌ಇಡಿಗೆ ಈ ಕಾವಿಲ್ಲ. ಕರೆಂಟು ನಿಂತ ಕ್ಷಣವೇ ಬೆಳಕು ನಿಲ್ಲುತ್ತದೆ. ಆ ಬಿಡುವನ್ನು ತುಂಬಿಕೊಡುವುದು ದೀಪದೊಳಗಿನ ಡ್ರೈವರ್ ಎಂಬ ಉಪಕರಣದ ಕೆಲಸ. ಒಳ್ಳೆಯ ದೀಪದಲ್ಲಿ ಅದು ಸರಿಯಾಗಿರುತ್ತದೆ. ತೀರ ಅಗ್ಗದ ದೀಪಗಳಲ್ಲಿ ಅನೇಕ ವೇಳೆ ಅಲ್ಲಿಯೇ ಹಣ ಉಳಿಸಿರುತ್ತಾರೆ. ಹಳೆಯ ಚೋಕಿನ ಟ್ಯೂಬ್‌ಲೈಟಿನಲ್ಲೂ ಇದೇ ದೋಷವಿತ್ತು.

ಈಗ ಸಾಣೆಯಂತ್ರದ ಲೆಕ್ಕ ನೋಡೋಣ. ನಮ್ಮಲ್ಲಿ ಸಾಮಾನ್ಯವಾದ ಸಾಣೆಯಂತ್ರದ ಮೋಟಾರು, ಕತ್ತಿ ಒತ್ತದೆ ಖಾಲಿ ಓಡುವಾಗ, ನಿಮಿಷಕ್ಕೆ 3000 ಸುತ್ತಿಗೆ ಸ್ವಲ್ಪವೇ ಕಡಿಮೆ ತಿರುಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 50 ಸುತ್ತು. ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎರಡು ಮಿನುಗಿನ ನಡುವೆ ಕಲ್ಲು ಹತ್ತಿರ ಹತ್ತಿರ ಅರ್ಧ ಸುತ್ತು ತಿರುಗಿರುತ್ತದೆ. ಆದ್ದರಿಂದಲೇ ಒಂದು ಗೆರೆ ಎದುರುಬದುರಾದ ಎರಡು ಗೆರೆಗಳಾಗಿ ಕಾಣುವುದು. ವೇಗ ಕೊಂಚ ಕಡಿಮೆಯಿರುವುದರಿಂದ ಅವು ಹಿಂದಕ್ಕೆ ಸರಿದಂತೆ ತೋರುವುದು.

ಸ್ವಿಚ್ಚು ಆರಿಸಿದ ಮೇಲಿನ ಹೊತ್ತು ಇನ್ನೂ ಅಪಾಯದ್ದು. ಕಲ್ಲು ತನ್ನ ಭಾರಕ್ಕೆ ತಿರುಗುತ್ತಾ ನಿಧಾನವಾಗುತ್ತದೆ. ನಟ್ಟಿಗೆ ಆರು ಮೂಲೆ. ನಿಮಿಷಕ್ಕೆ 1000 ಸುತ್ತಿಗೆ ಇಳಿದಾಗ, ಎರಡು ಮಿನುಗಿನ ನಡುವೆ ನಟ್ಟು ಸರಿಯಾಗಿ ಆರನೆಯ ಒಂದು ಭಾಗ ತಿರುಗುತ್ತದೆ. ಒಂದು ಮೂಲೆ ಇದ್ದ ಜಾಗಕ್ಕೆ ಮುಂದಿನ ಮೂಲೆ ಬಂದು ಕೂರುತ್ತದೆ. ಕಣ್ಣಿಗೆ ನಟ್ಟು ನಿಂತಂತೆಯೇ. 2000 ಸುತ್ತಿನಲ್ಲೂ ಹೀಗೇ ಆಗುತ್ತದೆ. ಕಲ್ಲಿನ ಮೈ ನುಣುಪಾಗಿರುವುದರಿಂದ ಅದನ್ನು ನೋಡಿ ಓಡುತ್ತಿದೆಯೋ ನಿಂತಿದೆಯೋ ಹೇಳಲಾಗುವುದಿಲ್ಲ. ನಾವು ನಟ್ಟನ್ನೇ ನೋಡುತ್ತೇವೆ. 1000 ಸುತ್ತಿನ ವೇಗದಲ್ಲಿ 8 ಇಂಚಿನ ಕಲ್ಲಿನ ಅಂಚು ಗಂಟೆಗೆ ಸುಮಾರು 38 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಪೂರ್ಣ ವೇಗದಲ್ಲಾದರೆ 100 ಕಿ.ಮೀ.ಗೂ ಹೆಚ್ಚು. ಎಂಜಿನಿಯರುಗಳು ಇದನ್ನು ಸ್ಟ್ರೋಬೊಸ್ಕೋಪಿಕ್ ಪರಿಣಾಮ ಎನ್ನುತ್ತಾರೆ. ನಾವು ಕಳ್ಳಬೆಳಕು ಎನ್ನೋಣ.

ಬೆಂಗಳೂರಿನಲ್ಲಿ 1936ರಲ್ಲಿ ಆರಂಭವಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಬಲ್ಬುಗಳ ಕೆಳಗೆ ಕೆಲಸ ಮಾಡಿದ ನಮ್ಮ ಹಿರಿಯರಿಗೆ ಈ ಭಯವಿರಲಿಲ್ಲ. 2015ರ ಕೊನೆಯಲ್ಲಿ ‘ಹೊಸ ಬೆಳಕು’ ಯೋಜನೆ ಬಂದ ಮೇಲೆ ನಮ್ಮ ಮನೆಗಳಿಗೆಲ್ಲ ಎಲ್‌ಇಡಿ ಬಂತು. ಬಂದದ್ದು ಒಳ್ಳೆಯದೇ. 60 ವ್ಯಾಟಿನ ಬಲ್ಬು ಕೊಡುತ್ತಿದ್ದ ಬೆಳಕನ್ನು 9 ವ್ಯಾಟಿನಲ್ಲಿ ಪಡೆಯುತ್ತೇವೆ. ಓದುವ ಮೇಜಿಗೆ, ಅಡಿಗೆಮನೆಗೆ ನೋಡುವ ಗುಣ ಬೇರೆ, ತಿರುಗುವ ಯಂತ್ರಕ್ಕೆ ನೋಡಬೇಕಾದ ಗುಣ ಬೇರೆ ಎಂಬುದಷ್ಟೇ ನಾವು ಕಲಿಯಬೇಕಾದದ್ದು.

ಮೂರು ಪರೀಕ್ಷೆಗಳು

1. ಪೆನ್ಸಿಲ್ ಪರೀಕ್ಷೆ: ಅಂಗಡಿಯಲ್ಲೇ ದೀಪ ಹೊತ್ತಿಸಿ, ಅದರ ಬೆಳಕಿನಲ್ಲಿ ಪೆನ್ಸಿಲನ್ನು ಬೀಸಣಿಗೆಯಂತೆ ಜೋರಾಗಿ ಆಡಿಸಿರಿ. ಒಂದೇ ಸಮನಾದ ಮಬ್ಬು ಕಂಡರೆ ದೀಪ ಒಳ್ಳೆಯದು. ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲುಗಳು ಕಂಡರೆ ಆ ದೀಪ ಸಾಣೆಗೆ ಬೇಡ.

2. ಮೊಬೈಲ್ ಪರೀಕ್ಷೆ: ಕ್ಯಾಮರಾವನ್ನು ದೀಪದ ಹತ್ತಿರ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೆ ದೀಪ ಮಿನುಗುತ್ತಿದೆ. ಕೆಲವು ಮೊಬೈಲುಗಳು ಈ ಪಟ್ಟೆಗಳನ್ನು ತಾವೇ ಅಳಿಸಿಬಿಡುತ್ತವೆ. ಆದ್ದರಿಂದ ಪಟ್ಟೆ ಕಾಣಲಿಲ್ಲವೆಂದು ನಿಶ್ಚಿಂತರಾಗದೆ ಪೆನ್ಸಿಲನ್ನೇ ನಂಬಬೇಕು.

3. ಸೀಮೆಸುಣ್ಣದ ಪರೀಕ್ಷೆ: ಇದು ಮನೆಯಲ್ಲಿ ಮಾಡತಕ್ಕದ್ದು. ಪ್ಲಗ್ಗು ಕಿತ್ತ ಮೇಲೆ ನಟ್ಟಿನ ಮೇಲೋ ಕಲ್ಲಿನ ಬದಿಗೋ ಒಂದು ಗೆರೆ ಎಳೆಯಿರಿ. ಬಳಿಕ ದೂರ, ಬದಿಗೆ ನಿಂತು ಯಂತ್ರ ಓಡಿಸಿ, ಆರಿಸಿ, ಪೂರ್ತಿ ನಿಲ್ಲುವವರೆಗೂ ನೋಡಿರಿ. ನಡುವೆ ಎಲ್ಲಿಯೂ ಗೆರೆಯಾಗಲಿ ನಟ್ಟಿನ ಮೂಲೆಯಾಗಲಿ ನಿಂತಂತೆ ಕಾಣಬಾರದು.

ಎಷ್ಟು ಬೆಳಕು, ಎಷ್ಟು ದೂರದಲ್ಲಿ?

ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಮೇಣದಬತ್ತಿ ಒಂದು ಮೀಟರ್ ದೂರದ ಕಾಗದದ ಮೇಲೆ ಚೆಲ್ಲುವುದು ಹೆಚ್ಚುಕಡಿಮೆ ಒಂದು ಲಕ್ಸ್. ಒಳಾಂಗಣ ಬೆಳಕಿನ ಬಗೆಗಿನ ಭಾರತೀಯ ಮಾನಕ ಐ.ಎಸ್. 3646, ಮಧ್ಯಮ ನಯದ ಯಂತ್ರಕೆಲಸಕ್ಕೆ 300ರಿಂದ 750 ಲಕ್ಸ್ ಹೇಳುತ್ತದೆ. ಕತ್ತಿ ಸಾಣೆಗೆ 500 ಲಕ್ಸ್ ಎಂದಿಟ್ಟುಕೊಳ್ಳೋಣ.

ಇಷ್ಟು ಬೆಳಕನ್ನು ಮಾಡಿನಿಂದ ತರುವುದು ದುಂದು. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಸುಮಾರು 900 ಲೂಮೆನ್ ಕೊಡುವ 9 ವ್ಯಾಟಿನ ಬರಿಯ ಬಲ್ಬನ್ನು ಮೂರು ಮೀಟರ್ ಎತ್ತರದಲ್ಲಿ ತೂಗಿಸಿದರೆ ಕತ್ತಿಯ ಮೇಲೆ ನೇರವಾಗಿ ಬೀಳುವುದು ಸುಮಾರು 8 ಲಕ್ಸ್ ಮಾತ್ರ. ಅದೇ ಬಲ್ಬು ಅರ್ಧ ಮೀಟರ್ ದೂರಕ್ಕೆ ಬಂದರೆ ಅದರ 36ರಷ್ಟು, ಅಂದರೆ 280 ಲಕ್ಸಿಗೂ ಹೆಚ್ಚು. ಮೇಲೆ ಬಿಳಿ ಬಣ್ಣದ ತಗಡಿನ ಟೊಪ್ಪಿ ಹಾಕಿ ಮೇಲಕ್ಕೆ ಹೋಗುವ ಬೆಳಕನ್ನೂ ಕೆಳಕ್ಕೆ ತಿರುಗಿಸಿದರೆ 500 ಮುಟ್ಟುತ್ತದೆ. ಹೆಚ್ಚು ವ್ಯಾಟು ಬೇಡ, ಹತ್ತಿರದ ದೀಪ ಬೇಕು.

ಹಾಗೆಂದು ಉಳಿದ ಷೆಡ್ಡು ಕತ್ತಲಾಗಿರಬಾರದು. ಬೆಳಕಿನಿಂದ ಕಣ್ಣೆತ್ತಿದವನಿಗೆ ಸುತ್ತಲೂ ಕಪ್ಪು ಕಂಡರೆ ನೆಲದ ಮೇಲಿನ ಕತ್ತಿ ಎಡವುತ್ತಾನೆ. ಸಾಧಾರಣ ಬೆಳಕು ಮಾಡಿನಲ್ಲಿರಲಿ. ಅದೂ ಪೆನ್ಸಿಲ್ ಪರೀಕ್ಷೆ ದಾಟಿದ ದೀಪವಾಗಿರಲಿ.

ವಯಸ್ಸಿನ ಮಾತನ್ನೂ ಮರೆಯಬಾರದು. ಅರವತ್ತರ ಕಣ್ಣಿನೊಳಗೆ ಇಪ್ಪತ್ತರ ಕಣ್ಣಿಗೆ ಹೋಗುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ತಲುಪುತ್ತದೆ. ನಮ್ಮಲ್ಲಿ ಕತ್ತಿ ಹಿಡಿಯುವವರಲ್ಲಿ ಬಹುಮಂದಿ ಐವತ್ತು ದಾಟಿದವರು. ‘ನನಗೆ ಕಾಣುತ್ತದೆ’ ಎಂದು ಮಗ ಹೇಳಿದರೆ ತಂದೆಗೂ ಕಾಣುತ್ತದೆಂದು ಅರ್ಥವಲ್ಲ.

ಯಾವ ಕಡೆಯಿಂದ?

ದೀಪ ಬೆನ್ನ ಹಿಂದಿದ್ದರೆ ನಮ್ಮ ತಲೆಯ ನೆರಳೇ ಕತ್ತಿಯ ಮೇಲೆ ಬೀಳುತ್ತದೆ. ಕಣ್ಣೆದುರಿಗಿದ್ದರೆ ಕಣ್ಣು ಕುಕ್ಕುತ್ತದೆ. ಕಲ್ಲಿನ ಕಾಪಿಗಿಂತ ಮೇಲೆ, ಸ್ವಲ್ಪ ಪಕ್ಕಕ್ಕೆ, ಸುಮಾರು ಒಂದೂವರೆ ಅಡಿ ದೂರದಲ್ಲಿ ದೀಪವಿದ್ದು, ಕತ್ತಿ ಕಲ್ಲಿಗೆ ತಾಗುವ ಜಾಗವನ್ನೇ ನೋಡುತ್ತಿರಬೇಕು. ಟೊಪ್ಪಿಯ ಅಂಚು ಬಲ್ಬನ್ನು ನಮ್ಮ ಕಣ್ಣಿನಿಂದ ಮರೆ ಮಾಡಬೇಕು. ಬಲಗೈಯವರಿಗೆ ಎಡಗಡೆಯಿಂದ ಬೆಳಕು ಬಂದರೆ ಕೈಯ ನೆರಳು ಅಡ್ಡವಾಗುವುದಿಲ್ಲ. ಎರಡು ಕಲ್ಲಿನ ಯಂತ್ರಕ್ಕೆ ಎರಡು ದೀಪ ಬೇಕು.

1948ರ ಕಾರ್ಖಾನೆ ಕಾಯ್ದೆಯ 17ನೆಯ ಕಲಮು ಸಾಕಷ್ಟು ಬೆಳಕಿರಬೇಕೆಂದು ಮಾತ್ರ ಹೇಳಿ ಬಿಡಲಿಲ್ಲ. ಕಣ್ಣು ಕುಕ್ಕುವ ಹೊಳಪನ್ನೂ, ಅಪಘಾತಕ್ಕೆ ಎಡೆಮಾಡುವ ನೆರಳನ್ನೂ ತಡೆಯಬೇಕೆಂದು ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ ಹೊಸ ಸಂಹಿತೆ ಬಂದಿದೆ. ಇಬ್ಬರು ಮೂವರು ದುಡಿಯುವ ನಮ್ಮಂಥ ಷೆಡ್ಡುಗಳು ಕಾರ್ಖಾನೆಯೆನಿಸಿಕೊಂಡಿರಲೂ ಇಲ್ಲ. ಆದರೆ ಕಾರ್ಖಾನೆಯಲ್ಲಿ ದುಡಿಯುವವನ ಬೆರಳೂ ನಮ್ಮಲ್ಲಿ ದುಡಿಯುವವನ ಬೆರಳೂ ಒಂದೇ ತೆರನಾದವು.

ಸರಿಯಾದ ದೀಪದಿಂದ ಇನ್ನೊಂದು ಲಾಭವಿದೆ. ಕತ್ತಿಯ ಬಾಯಿಯನ್ನು ಬೆಳಕಿಗೆ ಹಿಡಿದು ಓರೆಮಾಡಿ ನೋಡಿರಿ. ಮೊಂಡಾದ ಕಡೆ ಸಣ್ಣ ಬಿಳಿಗೆರೆ ಮಿಂಚುತ್ತದೆ. ಹರಿತವಾದ ಬಾಯಿ ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ. ಹೆಬ್ಬೆರಳಿನಿಂದ ಸವರಿ ನೋಡುವ ಅಭ್ಯಾಸಕ್ಕಿಂತ ಇದು ಖಚಿತ, ಅಪಾಯವೂ ಇಲ್ಲ.

ಬೆಳಕಿನ ಬಣ್ಣ ಮತ್ತು ಕತ್ತಿಯ ಹದ

ಲಾರಿಯ ಕಮಾನು ಪಟ್ಟಿಯಿಂದ ಬಡಿದ ಕತ್ತಿಗೆ ಕಮ್ಮಾರ ಹದ ಕೊಟ್ಟಿರುತ್ತಾನೆ. ಸಾಣೆಯ ಕಾವು ಹೆಚ್ಚಾದರೆ ಆ ಹದ ಹೋಗಿ ಬಾಯಿ ಮೆತ್ತಗಾಗುತ್ತದೆ. ಹೋಗುವ ಮುನ್ನ ಉಕ್ಕು ತಾನೇ ಬಣ್ಣದಿಂದ ಎಚ್ಚರಿಸುತ್ತದೆ. ಸುಮಾರು 220 ಡಿಗ್ರಿಯಲ್ಲಿ ಹುಲ್ಲಿನ ತಿಳಿಹಳದಿ, 260ರ ಹತ್ತಿರ ಕಂದು, 300 ಮುಟ್ಟಿದಾಗ ನೀಲಿ. ಹಳದಿ ಕಂಡಾಗಲೇ ಕತ್ತಿಯನ್ನು ನೀರಿಗೆ ಅದ್ದಬೇಕು. ನೀಲಿ ಕಂಡ ಮೇಲೆ ಅದ್ದಿ ಪ್ರಯೋಜನವಿಲ್ಲ. ಆ ಭಾಗವನ್ನು ಸವೆಸಿ ತೆಗೆಯಬೇಕು, ಇಲ್ಲವೆ ಮತ್ತೆ ಕುಲುಮೆಗೆ ಕೊಡಬೇಕು.

ಹಳದಿಯ ಬೆಳಕಿನಲ್ಲಿ ಈ ತಿಳಿಹಳದಿ ಕಾಣುವುದೇ ಇಲ್ಲ. ಎಲ್‌ಇಡಿ ಕೊಳ್ಳುವವರು ಪೆಟ್ಟಿಗೆಯ ಮೇಲೆ 4000ದಿಂದ 5000 ಕೆಲ್ವಿನ್, ಸಿ.ಆರ್.ಐ. 80ಕ್ಕೆ ಮೇಲೆ ಎಂದು ಬರೆದದ್ದನ್ನು ಆರಿಸಬೇಕು. ಟ್ರಾಕ್ಟರ್ ಬಲ್ಬಿನ ಬೆಳಕು ಕೊಂಚ ಹಳದಿ. ಅದರ ಕೆಳಗೆ ಕೆಲಸ ಮಾಡುವವರು ಬಣ್ಣಕ್ಕೆ ಕಾಯದೆ ಮತ್ತೆ ಮತ್ತೆ ನೀರಿಗೆ ಅದ್ದುತ್ತಿರಬೇಕು.

ಮಳೆ, ಕಿಡಿ, ಕರೆಂಟು

ನಮ್ಮ ಮಳೆಗಾಲದಲ್ಲಿ ಗೋಡೆ ನೆಲವೆಲ್ಲ ತೇವ. ಕೈಗೆಟಕುವ, ಕಬ್ಬಿಣದ ಸರಳಿಗೆ ಬಿಗಿದ ದೀಪಕ್ಕೆ 230 ವೋಲ್ಟ್ ತರುವುದು ಸರಿಯಲ್ಲ. 12 ಅಥವಾ 24 ವೋಲ್ಟಿನ ದೀಪವೇ ಕ್ಷೇಮ. ಹಳೆಯ ಕಾರ್ಖಾನೆ ಕಾಯ್ದೆಯೂ ತೊಟ್ಟಿಯಂಥ ಇಕ್ಕಟ್ಟಿನ ಜಾಗಗಳಿಗೆ ಒಯ್ಯುವ ಕೈದೀಪಕ್ಕೆ 24 ವೋಲ್ಟಿನ ಮಿತಿ ಹಾಕಿತ್ತು. ಮೋಟಾರಿಗೆ ಅರ್ಥಿಂಗು, ಷೆಡ್ಡಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಲೇಬೇಕು.

ಬ್ಯಾಟರಿ ದೀಪದಿಂದ ಒಂದು ದೊಡ್ಡ ಅನುಕೂಲವಿದೆ. ಮಳೆಗಾಲದಲ್ಲಿ ಕರೆಂಟು ಹೋಗುವುದು ನಮಗೆ ಹೊಸದಲ್ಲ. ಕಲ್ಲು ಪೂರ್ಣ ವೇಗದಲ್ಲಿರುವಾಗ ಕರೆಂಟು ಹೋದರೆ ದೀಪವೂ ಆರಿ, ಓಡುವ ಕಲ್ಲಿನೆದುರು ಕತ್ತಲಲ್ಲಿ ನಿಂತಿರುತ್ತೇವೆ. ಬ್ಯಾಟರಿ ದೀಪ ಆಗಲೂ ಉರಿಯುತ್ತದೆ. 12 ವೋಲ್ಟ್, 21 ವ್ಯಾಟಿನ ಬಲ್ಬಿಗೆ ಬೇಕಾದದ್ದು 1.75 ಆಂಪಿಯರ್, ನಾಲ್ಕು ಗಂಟೆ ಉರಿದರೆ 7 ಆಂಪಿಯರ್-ಗಂಟೆ. ಹಳೆಯ ಬ್ಯಾಟರಿಗೂ ಅದು ಭಾರವಲ್ಲ.

ಆದರೆ ಒಂದು ಎಚ್ಚರಿಕೆ. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ. ಸಾಣೆಯ ಕಿಡಿ ತಾಗಿದರೆ ಸ್ಫೋಟವಾಗಬಹುದು. ಮುಕ್ಕುಂದದ ಮೇಸ್ತ್ರಿ ಬ್ಯಾಟರಿಯನ್ನು ಗೋಡೆಯಾಚೆ ಇಟ್ಟದ್ದು ಇದಕ್ಕಾಗಿಯೇ. ಬ್ಯಾಟರಿಯ ಬುಡದಲ್ಲೇ ತಂತಿಗೆ ಒಂದು ಫ್ಯೂಜು ಹಾಕಿಸಬೇಕು. ದೀಪ ಕಿಡಿಯ ದಾರಿಯಲ್ಲಿರಬಾರದು. ಕಿಡಿ ಗಾಜಿಗೆ ಅಂಟಿ ಕೆಲವೇ ದಿನಗಳಲ್ಲಿ ಅದನ್ನು ಮಬ್ಬುಮಾಡುತ್ತದೆ. ವಾರಕ್ಕೊಮ್ಮೆ, ಆರಿಸಿ ತಣ್ಣಗಾದ ಮೇಲೆ, ಗಾಜನ್ನೂ ಟೊಪ್ಪಿಯನ್ನೂ ಒರೆಸಬೇಕು. ದೀಪ ಎಷ್ಟೇ ಒಳ್ಳೆಯದಾದರೂ ಕನ್ನಡಕ ಮತ್ತು ಕಲ್ಲಿನ ಕಾಪು ಬಿಡುವಂತಿಲ್ಲ.

ಹಾಗಾದರೆ ಯಾವುದು?

ಮೊದಲ ಆಯ್ಕೆ: ಬ್ಯಾಟರಿಯಿಂದ ಉರಿಯುವ 12 ವೋಲ್ಟಿನ ಬಲ್ಬು ಅಥವಾ ಪೆನ್ಸಿಲ್ ಪರೀಕ್ಷೆ ದಾಟಿದ 12 ವೋಲ್ಟಿನ ಎಲ್‌ಇಡಿ. ಎರಡನೆಯದು: ಟ್ರಾನ್ಸ್‌ಫಾರ್ಮರಿನಿಂದ ಉರಿಯುವ 12 ಅಥವಾ 24 ವೋಲ್ಟಿನ ಹ್ಯಾಲೊಜೆನ್ ಬಲ್ಬು. ಅದರ ತಂತಿ ದಪ್ಪವಾದ್ದರಿಂದ ಮಿನುಗು ಕಡಿಮೆ, ಆದರೆ ಕಾವು ಹೆಚ್ಚು. ಮೂರನೆಯದು: ಒಳ್ಳೆಯ ಡ್ರೈವರ್ ಇರುವ 230 ವೋಲ್ಟಿನ ಎಲ್‌ಇಡಿ, ಕೈಗೆಟಕದ ಎತ್ತರದಲ್ಲಿ, ಸಾಧಾರಣ ಬೆಳಕಿಗೆ ಮಾತ್ರ. ಚೋಕಿನ ಟ್ಯೂಬ್‌ಲೈಟು ಮತ್ತು ಪೆನ್ಸಿಲ್ ಪರೀಕ್ಷೆಯಲ್ಲಿ ಸೋತ ಯಾವ ದೀಪವೂ ಸಾಣೆಯ ಹತ್ತಿರ ಬೇಡ.

ನಮ್ಮ ಷೆಡ್ಡಿನ ಸಾಣೆಯಂತ್ರದ ಮೇಲೆ ಈಗ 12 ವೋಲ್ಟಿನ ಎರಡು ದೀಪಗಳಿವೆ. ಮಾಡಿನ ಪಟ್ಟಿಯನ್ನು ತೆಗೆಸಿದ್ದೇವೆ. ‘ಕಲ್ಲು ನಿಂತಿತೆಂದು ಕಣ್ಣಿನಿಂದ ತೀರ್ಮಾನಿಸಬೇಡಿ, ಸದ್ದು ಪೂರ್ತಿ ನಿಂತ ಮೇಲೂ ಒಂದು ನಿಮಿಷ ಕಾಯಿರಿ’ ಎಂಬ ಹಲಗೆ ತೂಗುಹಾಕಿದ್ದೇವೆ. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ, ಹಿಂದೆ ಬರೆದ ‘ಕೆಲಸಗಾರನ ಅಜಾಗರೂಕತೆ’ ಎಂಬ ಮಾತನ್ನು ಹೊಡೆದುಹಾಕಿ ‘ದೀಪದ ದೋಷ, ಆಯ್ಕೆ ಕಾರ್ಯದರ್ಶಿಯದು’ ಎಂದು ತಿದ್ದಿಸಿ ಸಹಿ ಮಾಡಿದೆ. ಹುಡುಗನನ್ನು ಕರೆದು ಅದನ್ನು ಓದಿ ಹೇಳಿದೆವು. ಅವನು ಏನೂ ಹೇಳಲಿಲ್ಲ. ಹೊಸ ದೀಪದ ಗಾಜು ಒರೆಸುವ ಕೆಲಸವನ್ನು ತಾನಾಗಿಯೇ ವಹಿಸಿಕೊಂಡಿದ್ದಾನೆ.

ಈ ಸಂಚಿಕೆ ಕೈಸೇರಿದ ದಿನವೇ, ಕತ್ತಲಾದ ಮೇಲೆ, ಸದಸ್ಯರು ತಮ್ಮ ಸಾಣೆಯಂತ್ರದ ಬಳಿ ಒಂದು ಪೆನ್ಸಿಲ್ ಹಿಡಿದು ಹೋಗಬೇಕೆಂದು ನನ್ನ ವಿನಂತಿ.

ಅಭ್ಯಾಸ

1. ನಿಮ್ಮ ಷೆಡ್ಡಿನ ದೀಪ ಪೆನ್ಸಿಲ್ ಪರೀಕ್ಷೆಯಲ್ಲಿ ಗೆದ್ದಿತೇ?
2. ಸ್ವಿಚ್ಚು ಆರಿಸಿದ ಮೇಲೆ ನಿಮ್ಮ ಕಲ್ಲು ಪೂರ್ತಿ ನಿಲ್ಲಲು ಎಷ್ಟು ಸೆಕೆಂಡು ಬೇಕು? ಗಡಿಯಾರ ಹಿಡಿದು ನೋಡಿ ಗೋಡೆಯ ಮೇಲೆ ಬರೆಯಿರಿ.
3. ದೀಪದಿಂದ ಕತ್ತಿಗೆ ಎಷ್ಟು ಅಡಿ ದೂರ? ಅದನ್ನು ಅರ್ಧ ಮಾಡಿದರೆ ಬೆಳಕು ಎಷ್ಟು ಪಾಲು ಹೆಚ್ಚುತ್ತದೆ?
4. ನಿಂತ ಜಾಗದಿಂದ ಬಲ್ಬು ನೇರವಾಗಿ ನಿಮ್ಮ ಕಣ್ಣಿಗೆ ಕಾಣುತ್ತದೆಯೇ?
5. ಕರೆಂಟು ಹೋದ ಕ್ಷಣ ನಿಮ್ಮ ಸಾಣೆಯಂತ್ರದ ಬಳಿ ಯಾವ ಬೆಳಕಿರುತ್ತದೆ?

— ಕಾರ್ಯದರ್ಶಿ